ಪೌರನೀತಿ ಪಾಠಕ್ಕೂ ಮತಗಟ್ಟೆಗೂ ನಡುವಿನ ದೂರ

ಪೌರನೀತಿಯ ತಿಳಿವಳಿಕೆ ಮಕ್ಕಳಲ್ಲಿ ಎಷ್ಟಿದೆ ಎಂದು ಅಳೆಯಲು ಆಸ್ಟ್ರೇಲಿಯದ ಆಯ್ದ ಶಾಲೆಗಳಲ್ಲಿ 2004ರಿಂದ ಕೆಲವು ವರ್ಷಗಳಿಗೊಮ್ಮೆ ರಾಷ್ಟ್ರಮಟ್ಟದ ಪರೀಕ್ಷೆ ನಡೆಯುತ್ತಿದೆ. 2024ರ ಪರೀಕ್ಷೆಯಲ್ಲಿ ನಿಗದಿತ ಮಟ್ಟ ಮುಟ್ಟಿದವರು ಆರನೆಯ ತರಗತಿಯಲ್ಲಿ ಶೇ 43, ಹತ್ತನೆಯ ತರಗತಿಯಲ್ಲಿ ಕೇವಲ ಶೇ 28. ಹತ್ತನೆಯ ತರಗತಿಯ ಪ್ರಮಾಣ 2019ರಲ್ಲಿ ಶೇ 38 ಇತ್ತು. ಪರೀಕ್ಷೆ ಶುರುವಾದಂದಿನಿಂದ ಫಲಿತಾಂಶ ಇಷ್ಟು ಕೆಳಗೆ ಎಂದೂ ಇಳಿದಿರಲಿಲ್ಲ. ಆದರೆ ಇದೇ ದೇಶದಲ್ಲಿ, ಪಟ್ಟಿಯಲ್ಲಿರುವ ಮತದಾರರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಂದಿ ಪ್ರತಿ ಸಂಸತ್ ಚುನಾವಣೆಯಲ್ಲೂ ಮತ ಹಾಕುತ್ತಾರೆ. ಪೌರನೀತಿ ಚೆನ್ನಾಗಿ ಕಲಿತವರು ಚೆನ್ನಾಗಿ ಮತ ಚಲಾಯಿಸುತ್ತಾರೆ, ಕಲಿಯದವರು ಮನೆಯಲ್ಲಿ ಕೂರುತ್ತಾರೆ ಎಂಬ ನಮ್ಮ ಸಾಮಾನ್ಯ ನಂಬಿಕೆಗೆ ಈ ಎರಡು ಅಂಕಿಗಳು ಹೊಂದಿಕೊಳ್ಳುವುದಿಲ್ಲ.

ಹೊಂದದಿರುವುದಕ್ಕೆ ಕಾರಣ ಸರಳ. ಆಸ್ಟ್ರೇಲಿಯದಲ್ಲಿ 1924ರಿಂದ ಮತದಾನ ಕಡ್ಡಾಯ. 1922ರ ಚುನಾವಣೆಯಲ್ಲಿ ಶೇ 60ನ್ನೂ ಮುಟ್ಟದಿದ್ದ ಪ್ರಮಾಣ, ಕಾನೂನು ಬಂದ ಮೇಲಿನ 1925ರ ಚುನಾವಣೆಯಲ್ಲಿ ಶೇ 91 ದಾಟಿತು. ಕಾರಣವಿಲ್ಲದೆ ತಪ್ಪಿಸಿಕೊಂಡವರಿಗೆ ಬೀಳುವ ದಂಡ 20 ಡಾಲರ್, ಅದು ಯಾರನ್ನೂ ಬಡವರನ್ನಾಗಿಸುವ ಮೊತ್ತವಲ್ಲ. ಅಲ್ಲಿ ಚುನಾವಣೆ ನಡೆಯುವುದು ಶನಿವಾರ. ಅವಧಿಗೆ ಮುನ್ನವೇ ಮತ ಹಾಕಲು, ಅಂಚೆಯಲ್ಲಿ ಕಳಿಸಲು ಧಾರಾಳ ಅವಕಾಶಗಳಿವೆ. ಕಾನೂನು ಒತ್ತಾಯಿಸಿದಷ್ಟೇ ಶ್ರದ್ಧೆಯಿಂದ ಆಡಳಿತ ದಾರಿಯನ್ನೂ ಸುಗಮ ಮಾಡಿಕೊಟ್ಟಿತು. ಚಿಲಿ ದೇಶ ಇದನ್ನೇ ಹಿಂದುಮುಂದಾಗಿ ತೋರಿಸಿತು: 2012ರಲ್ಲಿ ಮತದಾನವನ್ನು ಐಚ್ಛಿಕಗೊಳಿಸಿದ ಮೇಲೆ ಅಲ್ಲಿನ ಪ್ರಮಾಣ ಅರ್ಧಕ್ಕೆ ಕುಸಿಯಿತು, 2022ರ ಸಂವಿಧಾನ ಜನಮತಗಣನೆಗೆ ಮತ್ತೆ ಕಡ್ಡಾಯ ಮಾಡಿದಾಗ ಶೇ 85ಕ್ಕೆ ಏರಿತು. ಈ ಏರಿಳಿತದಲ್ಲಿ ಪಠ್ಯಪುಸ್ತಕದ ಪಾತ್ರ ಏನೂ ಇಲ್ಲ.

ಹಾಗಾದರೆ ಶಾಲೆಯ ಕೆಲಸವೇನು? ಮತಗಟ್ಟೆಯವರೆಗೆ ಜನರನ್ನು ಕರೆತರುವುದನ್ನು ಕಾನೂನೇ ಮಾಡಬಲ್ಲದಾದರೆ ಪೌರನೀತಿಯ ಪಾಠ ಬೇಕೇ ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಪಾಠ ಬೇಕು. ಆದರೆ ನಾವು ಈಗ ಕಲಿಸುತ್ತಿರುವ ಪಾಠ ಅದಲ್ಲ. ಚುನಾವಣೆಯ ಬಗ್ಗೆ ಮಾಹಿತಿ ತುಂಬುವುದರಿಂದ ಮತದಾರರು ಹುಟ್ಟುವುದಿಲ್ಲ ಎಂಬುದಕ್ಕೆ ಈಗ ಸಾಕಷ್ಟು ಪುರಾವೆ ಇದೆ. ಜೀವಂತ ವಿವಾದವೊಂದನ್ನು ತರಗತಿಯಲ್ಲಿ ಎದುರಿಸಿ, ಭಿನ್ನಾಭಿಪ್ರಾಯವನ್ನು ಸಹಿಸಿ, ಸಾರ್ವಜನಿಕ ಕೆಲಸವೊಂದಕ್ಕೆ ಕೈಹಾಕಿ ನೋಡಿದ ಮಕ್ಕಳಲ್ಲಿ ಮಾತ್ರ ಆ ಗುಣ ಬೆಳೆಯುತ್ತದೆ ಎಂದು ನಂಬಲು ಕಾರಣಗಳಿವೆ.

ಅಮೆರಿಕದಲ್ಲಿ ಈ ಎರಡೂ ದಾರಿಗಳ ಪರೀಕ್ಷೆ ಅಕ್ಕಪಕ್ಕದಲ್ಲೇ ನಡೆದಿದೆ. ವಲಸೆ ಬಂದವರು ಪೌರತ್ವ ಪಡೆಯಲು ಆಗ ಎದುರಿಸಬೇಕಾಗಿದ್ದ 100 ಪ್ರಶ್ನೆಗಳ ಪಟ್ಟಿಯಲ್ಲಿ ಕನಿಷ್ಠ 60ಕ್ಕೆ ಸರಿಯಾಗಿ ಉತ್ತರಿಸಿದವರಿಗೆ ಮಾತ್ರ ಪ್ರೌಢಶಾಲೆ ಮುಗಿಸಿದ ಪ್ರಮಾಣಪತ್ರ ಎಂದು ಅರಿಜೋನಾ ರಾಜ್ಯ 2015ರಲ್ಲಿ ಕಾನೂನು ಮಾಡಿತು. ಆ ಮಾದರಿಯನ್ನು ಹಲವು ರಾಜ್ಯಗಳು ಒಂದಲ್ಲ ಒಂದು ರೂಪದಲ್ಲಿ ಅನುಸರಿಸಿದವು. ಇಂಥ ಪರೀಕ್ಷೆ ತಂದ ರಾಜ್ಯಗಳನ್ನೂ ತರದ ರಾಜ್ಯಗಳನ್ನೂ ಹೋಲಿಸಿ 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಯುವಜನರ ಮತದಾನದ ಮೇಲೆ ಈ ಪರೀಕ್ಷೆಗಳಿಂದ ಹೇಳಿಕೊಳ್ಳುವಂಥ ಪರಿಣಾಮ ಏನೂ ಆಗಿಲ್ಲ ಎಂಬ ತೀರ್ಮಾನಕ್ಕೆ ಬಂದಿತು. ಮಕ್ಕಳು ಪ್ರಶ್ನೋತ್ತರ ಬಾಯಿಪಾಠ ಮಾಡಿದರು, ಪಾಸಾದರು. ಸಂಗತಿ ಅಲ್ಲಿಗೇ ನಿಂತಿತು.

ಇನ್ನೊಂದು ದಾರಿ ನ್ಯೂಯಾರ್ಕ್ ನಗರದ ಹಾರ್ಲೆಮ್‌ನದು. ಅಲ್ಲಿ 2006ರಲ್ಲಿ ಆರಂಭವಾದ ಡೆಮಾಕ್ರಸಿ ಪ್ರೆಪ್ ಎಂಬ ಶಾಲೆಗಳ ಜಾಲದ ವಿದ್ಯಾರ್ಥಿಗಳು ಹೆಚ್ಚಾಗಿ ಬಡ ಕರಿಯ ಹಾಗೂ ಲ್ಯಾಟಿನ್ ಅಮೆರಿಕನ್ ಮೂಲದ ಕುಟುಂಬಗಳ ಮಕ್ಕಳು. ಅವರು ಶಾಸಕರನ್ನು ಭೇಟಿಯಾಗಿ ತಮ್ಮ ಬೇಡಿಕೆ ಮಂಡಿಸುತ್ತಾರೆ, ಸಾರ್ವಜನಿಕ ಸಭೆಗಳಲ್ಲಿ ಮಾತನಾಡುತ್ತಾರೆ, ಚುನಾವಣೆಯ ದಿನ ಬೀದಿಯಲ್ಲಿ ನಿಂತು ದೊಡ್ಡವರನ್ನು ಮತಗಟ್ಟೆಗೆ ಹೋಗುವಂತೆ ಒತ್ತಾಯಿಸುತ್ತಾರೆ, ಕೊನೆಯ ವರ್ಷ ತಾವೇ ಆರಿಸಿಕೊಂಡ ಸಾಮಾಜಿಕ ಸಮಸ್ಯೆಯೊಂದರ ಮೇಲೆ ಕೆಲಸ ಮಾಡುತ್ತಾರೆ. ಸೀಟುಗಳಿಗಿಂತ ಅರ್ಜಿಗಳು ಹೆಚ್ಚಿದ್ದುದರಿಂದ ಪ್ರವೇಶವನ್ನು ಲಾಟರಿ ಎತ್ತಿ ನಿರ್ಧರಿಸಲಾಗುತ್ತಿತ್ತು. ಹೀಗಾಗಿ ಸೀಟು ಸಿಕ್ಕವರನ್ನು ಸಿಗದವರ ಜೊತೆ ನ್ಯಾಯವಾಗಿ ಹೋಲಿಸಲು ಸಂಶೋಧಕರಿಗೆ ಸಾಧ್ಯವಾಯಿತು. ಈ ಶಾಲೆಯಲ್ಲಿ ಓದಿದವರು ಮತದಾರರ ಪಟ್ಟಿಗೆ ಹೆಸರು ಸೇರಿಸುವ ಪ್ರಮಾಣ ಸುಮಾರು 16 ಶೇಕಡಾ ಅಂಶಗಳಷ್ಟು, 2016ರ ಚುನಾವಣೆಯಲ್ಲಿ ಮತ ಹಾಕಿದ ಪ್ರಮಾಣ ಸುಮಾರು 12 ಶೇಕಡಾ ಅಂಶಗಳಷ್ಟು ಹೆಚ್ಚಿತ್ತು. ಶಾಲೆಯ ಯಾವ ಚಟುವಟಿಕೆಯಿಂದ ಎಷ್ಟು ಫಲ ಬಂತು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೂ ಅರಿಜೋನಾದ ಪ್ರಶ್ನೆಪತ್ರಿಕೆಗೂ ಹಾರ್ಲೆಮ್‌ನ ಬೀದಿಗೂ ಇರುವ ಅಂತರ ಕಣ್ಣಿಗೆ ಹೊಡೆಯುವಂತಿದೆ.

ಹಲವಾರು ದೇಶಗಳ ಎಂಟನೆಯ ತರಗತಿಯ ಮಕ್ಕಳನ್ನು ಅಧ್ಯಯನ ಮಾಡುವ ಐಸಿಸಿಎಸ್ ಎಂಬ ಅಂತರರಾಷ್ಟ್ರೀಯ ಸಮೀಕ್ಷೆ 2009, 2016 ಮತ್ತು 2022ರಲ್ಲಿ ನಡೆದಿದೆ. ತಿಳಿವಳಿಕೆ ಹೆಚ್ಚಿರುವ ಮಕ್ಕಳು ಮುಂದೆ ಮತ ಹಾಕುತ್ತೇವೆ ಎಂದು ಹೇಳುವ ಸಂಭವ ಹೆಚ್ಚು ಎಂಬುದು ಅದರಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಆದರೆ ಹದಿನಾಲ್ಕನೆಯ ವಯಸ್ಸಿನಲ್ಲಿ ‘ಮತ ಹಾಕುತ್ತೇನೆ’ ಎಂದು ಗುರುತು ಹಾಕುವುದು ಬೇರೆ, ಹತ್ತೊಂಬತ್ತರಲ್ಲಿ ಸರದಿಯಲ್ಲಿ ನಿಲ್ಲುವುದು ಬೇರೆ. ಆ ಸಮೀಕ್ಷೆಯಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು ಅಂಶ: ಶಿಕ್ಷಕರ ಅಭಿಪ್ರಾಯಕ್ಕಿಂತ ಭಿನ್ನವಾದದ್ದನ್ನು ಹೇಳಲು ಭಯವಿಲ್ಲದ, ಚರ್ಚೆಗೆ ತೆರೆದುಕೊಂಡ ತರಗತಿಗಳಲ್ಲಿ ಮಕ್ಕಳ ತಿಳಿವಳಿಕೆಯೂ ಮತದಾನದ ಬಗೆಗಿನ ಒಲವೂ ಒಟ್ಟಿಗೇ ಮೇಲಿರುತ್ತವೆ.

ತೆರೆದ ಚರ್ಚೆ ಎಂದ ಕೂಡಲೇ ಎಲ್ಲ ದೇಶಗಳಲ್ಲೂ ಏಳುವ ಆಕ್ಷೇಪ ಒಂದೇ: ಶಾಲೆಗೆ ರಾಜಕೀಯ ಬೇಡ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶಾಲೆಗಳನ್ನು ಪ್ರಚಾರದ ಯಂತ್ರಗಳನ್ನಾಗಿ ಮಾಡಿಕೊಂಡ ಆಡಳಿತಗಳನ್ನು ಜಗತ್ತು ಕಂಡಿದೆ. ಜರ್ಮನಿ ಮತ್ತು ಜಪಾನ್ ಎರಡೂ ಆ ಅನುಭವದಿಂದ ಹೊರಬಂದ ದೇಶಗಳೇ. ಆದರೆ ಆ ಅನುಭವದಿಂದ ಅವು ಕಲಿತ ಪಾಠಗಳು ಬೇರೆಬೇರೆ.

ಪಶ್ಚಿಮ ಜರ್ಮನಿಯಲ್ಲಿ 1970ರ ದಶಕದಲ್ಲಿ ಶಾಲೆಯ ರಾಜಕೀಯ ಪಾಠ ಹೇಗಿರಬೇಕೆಂಬ ಬಗ್ಗೆ ಎಡ ಮತ್ತು ಬಲ ಪಂಥಗಳ ನಡುವೆ ದೊಡ್ಡ ಜಗಳವೇ ನಡೆದಿತ್ತು. 1976ರಲ್ಲಿ ಸ್ಟುಟ್‌ಗಾರ್ಟ್ ಬಳಿಯ ಬೋಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಎರಡೂ ಕಡೆಯ ಶಿಕ್ಷಣತಜ್ಞರು ಸೇರಿದರು. ಅಲ್ಲಿನ ಚರ್ಚೆಯ ಸಾರವನ್ನು ಹಾನ್ಸ್ ಗೇಯೋರ್ಗ್ ವೇಲಿಂಗ್ ಎಂಬುವರು ಮೂರು ಸೂತ್ರಗಳಾಗಿ ಬರೆದಿಟ್ಟರು. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ಹೇರಿ ವಿದ್ಯಾರ್ಥಿಯ ಸ್ವಂತ ವಿವೇಚನೆಯನ್ನು ಮುಳುಗಿಸಬಾರದು ಎಂಬುದು ಮೊದಲನೆಯದು. ಸಮಾಜದಲ್ಲಿ, ವಿದ್ವತ್ತಿನಲ್ಲಿ ಯಾವುದು ವಿವಾದವಾಗಿದೆಯೋ ಅದು ತರಗತಿಯಲ್ಲೂ ವಿವಾದವಾಗಿಯೇ ಮಂಡನೆಯಾಗಬೇಕು ಎಂಬುದು ಎರಡನೆಯದು. ಕಣ್ಣೆದುರಿನ ರಾಜಕೀಯ ಸನ್ನಿವೇಶವನ್ನೂ ಅದರಲ್ಲಿ ತನ್ನ ಹಿತ ಎಲ್ಲಿದೆ ಎಂಬುದನ್ನೂ ವಿದ್ಯಾರ್ಥಿ ತಾನೇ ವಿಶ್ಲೇಷಿಸಿ, ಆ ಸನ್ನಿವೇಶವನ್ನು ಪ್ರಭಾವಿಸುವ ದಾರಿ ಹುಡುಕಲು ಶಕ್ತನಾಗಬೇಕು ಎಂಬುದು ಮೂರನೆಯದು. ಇದು ಯಾವ ಶಾಸನಸಭೆಯೂ ಅಂಗೀಕರಿಸಿದ ಕಾನೂನಲ್ಲ. ಆದರೂ ಸುಮಾರು ಐದು ದಶಕಗಳಿಂದ ಅಲ್ಲಿನ ಶಿಕ್ಷಕರು ತಮ್ಮ ಕೆಲಸವನ್ನು ಅಳೆದುಕೊಳ್ಳುವುದು ಈ ಸೂತ್ರಗಳಿಂದ. ಎರಡನೆಯ ಸೂತ್ರವನ್ನು ನಿಧಾನವಾಗಿ ಓದಬೇಕು. ವಿವಾದವನ್ನು ತರಗತಿಯಿಂದ ಹೊರಗಿಡಲು ಅದು ಹೇಳುವುದಿಲ್ಲ, ವಿವಾದವನ್ನು ಮರೆಮಾಚುವುದೇ ಪಕ್ಷಪಾತ ಎನ್ನುತ್ತದೆ.

ಇದರ ಒಂದು ಫಲ ‘ಯೂನಿಯೋರ್‌ವಾಲ್’ ಎಂಬ ಶಾಲಾ ಚುನಾವಣೆ. 1999ರಿಂದ ನಡೆದುಬಂದ ಈ ಕಾರ್ಯಕ್ರಮದಲ್ಲಿ ನಿಜವಾದ ಚುನಾವಣೆಗೆ ಮುನ್ನ ಶಾಲೆಯಲ್ಲಿ ವಾರಗಟ್ಟಲೆ ಪಾಠ ನಡೆದು, ಆಮೇಲೆ ಮಕ್ಕಳು ನಿಜವಾದ ಪಕ್ಷಗಳ ಹೆಸರಿರುವ ಮತಪತ್ರದಲ್ಲಿ ಮತ ಹಾಕುತ್ತಾರೆ. ಮತದಾರರ ಪಟ್ಟಿ ಸಿದ್ಧಪಡಿಸುವುದು, ಮತಗಟ್ಟೆ ನಡೆಸುವುದು ಎಲ್ಲವೂ ಮಕ್ಕಳ ಕೈಯಲ್ಲೇ. ಫಲಿತಾಂಶ ಹೊರಬೀಳುವುದು ದೇಶದ ಮತಗಟ್ಟೆಗಳು ಮುಚ್ಚಿದ ಮೇಲೆ. ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ಗಳಲ್ಲೂ ಇಂಥ ಶಾಲಾ ಚುನಾವಣೆಗಳಿವೆ. ನಾರ್ವೆಯಲ್ಲಿ ಪಕ್ಷಗಳ ಯುವ ಘಟಕಗಳವರು ಶಾಲೆಗೇ ಬಂದು ಮಕ್ಕಳ ಮುಂದೆ ವಾದ ಮಾಡುತ್ತಾರೆ.

ಜಪಾನಿನ ಶಿಕ್ಷಣ ಮೂಲ ಕಾನೂನಿನ 14ನೆಯ ವಿಧಿಯಲ್ಲಿ ಎರಡು ಮಾತುಗಳಿವೆ. ವಿವೇಕವಂತ ಪೌರರಿಗೆ ಬೇಕಾದ ರಾಜಕೀಯ ತಿಳಿವಳಿಕೆಗೆ ಶಿಕ್ಷಣದಲ್ಲಿ ಮನ್ನಣೆ ಇರಬೇಕು ಎಂಬುದು ಒಂದು. ಯಾವುದೇ ಪಕ್ಷದ ಪರ ಅಥವಾ ವಿರುದ್ಧದ ರಾಜಕೀಯ ಶಿಕ್ಷಣ ಶಾಲೆಯಲ್ಲಿ ನಡೆಯಬಾರದು ಎಂಬುದು ಇನ್ನೊಂದು. 1960ರ ದಶಕದ ಕೊನೆಯಲ್ಲಿ ವಿದ್ಯಾರ್ಥಿ ಚಳವಳಿ ಪ್ರೌಢಶಾಲೆಗಳವರೆಗೂ ಹಬ್ಬಿದಾಗ ಸರ್ಕಾರ 1969ರಲ್ಲಿ ಸುತ್ತೋಲೆ ಹೊರಡಿಸಿ ಪ್ರೌಢಶಾಲಾ ವಿದ್ಯಾರ್ಥಿಗಳ ರಾಜಕೀಯ ಚಟುವಟಿಕೆಗಳಿಗೆ ತಡೆ ಹಾಕಿತು. ಆ ಸುತ್ತೋಲೆ 2015ರವರೆಗೂ ಜಾರಿಯಲ್ಲಿತ್ತು. ಸುಮಾರು ಅರ್ಧ ಶತಮಾನದಲ್ಲಿ ಕಾನೂನಿನ ಎರಡನೆಯ ಮಾತು ಮೊದಲನೆಯದನ್ನು ನುಂಗಿಹಾಕಿತು. ತಟಸ್ಥವಾಗಿರುವುದೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂಬ ಅಭ್ಯಾಸ ಶಿಕ್ಷಕರಲ್ಲಿ ಬೇರೂರಿತು.

2015ರಲ್ಲಿ ಮತದಾನದ ವಯಸ್ಸನ್ನು 20ರಿಂದ 18ಕ್ಕೆ ಇಳಿಸಿದಾಗ ಸರ್ಕಾರವೇ ಪ್ರೌಢಶಾಲೆಗಳಿಗೆ ಪೂರಕ ಪಠ್ಯ ಹಂಚಿ ಅಣಕು ಚುನಾವಣೆಗಳಿಗೆ ಪ್ರೋತ್ಸಾಹ ಕೊಟ್ಟಿತು. ಆದರೆ ಅದೇ ವರ್ಷ ಯಾಮಾಗುಚಿ ಪ್ರಾಂತ್ಯದ ಪ್ರೌಢಶಾಲೆಯೊಂದರ ಮಕ್ಕಳು ಸೇನೆಯ ಹೊರದೇಶದ ಪಾತ್ರವನ್ನು ಹಿಗ್ಗಿಸಲು ಹೊರಟು ಆಗ ದೇಶವನ್ನೇ ಕಲಕಿದ್ದ ಭದ್ರತಾ ಮಸೂದೆಗಳ ಬಗ್ಗೆ ಪತ್ರಿಕೆಗಳನ್ನು ಓದಿ ಚರ್ಚಿಸಿ ಮತ ಹಾಕಿದ್ದು ಪ್ರಾಂತೀಯ ಶಾಸನಸಭೆಯಲ್ಲಿ ಆಕ್ಷೇಪಕ್ಕೆ ಗುರಿಯಾಯಿತು. 2016ರಲ್ಲಿ ಆಳುವ ಲಿಬರಲ್ ಡೆಮಾಕ್ರಟಿಕ್ ಪಕ್ಷ ತನ್ನ ಜಾಲತಾಣದಲ್ಲಿ, ರಾಜಕೀಯವಾಗಿ ತಟಸ್ಥರಲ್ಲದ ಶಿಕ್ಷಕರ ಬಗ್ಗೆ ಮಾಹಿತಿ ಕೊಡಿ ಎಂದು ಸಾರ್ವಜನಿಕರನ್ನು ಕೇಳಿತು. ‘ಮಕ್ಕಳನ್ನು ಯುದ್ಧಭೂಮಿಗೆ ಕಳಿಸಬೇಡಿ’ ಎಂದು ಹೇಳುವ ಶಿಕ್ಷಕರನ್ನು ಅಲ್ಲಿ ಮೊದಲಿಗೆ ಉದಾಹರಣೆಯಾಗಿ ಕೊಡಲಾಗಿತ್ತು. 2018ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತೀವ್ರ ಬಲಪಂಥದ ಎಎಫ್‌ಡಿ ಪಕ್ಷ ಹೆಚ್ಚುಕಡಿಮೆ ಇಂಥದೇ ದೂರು ಜಾಲತಾಣ ತೆರೆಯಿತು. ಅಲ್ಲಿ ಶಿಕ್ಷಕರ ಪರವಾಗಿ ನಿಂತವರ ಕೈಯಲ್ಲಿ ಎಲ್ಲರೂ ಒಪ್ಪಿದ ಸೂತ್ರವೊಂದಿತ್ತು: ವಿವಾದವನ್ನು ಚರ್ಚಿಸುವುದು ಶಿಕ್ಷಕರ ಕರ್ತವ್ಯ, ಸಂವಿಧಾನದ ಮೌಲ್ಯಗಳ ವಿಷಯದಲ್ಲಿ ಅವರು ತಟಸ್ಥರಾಗಿರಬೇಕಿಲ್ಲ ಎಂದು ಅವರು ಬಹಿರಂಗವಾಗಿ ಹೇಳಬಲ್ಲವರಾಗಿದ್ದರು. ಜಪಾನಿನ ಶಿಕ್ಷಕರಿಗೆ ಅಂಥ ಆಸರೆ ಇರಲಿಲ್ಲ.

2016ರ ಜುಲೈನ ಮೇಲ್ಮನೆ ಚುನಾವಣೆಯಲ್ಲಿ ಜಪಾನಿನ 18ರ ವಯಸ್ಸಿನವರು ಶೇ 51.28ರಷ್ಟು, 19ರವರು ಶೇ 42.30ರಷ್ಟು ಮತ ಹಾಕಿದರು. ಮೂರು ವರ್ಷಗಳ ಬಳಿಕ ಇದೇ ಮೇಲ್ಮನೆಗೆ ಚುನಾವಣೆ ನಡೆದಾಗ ಈ ಎರಡೂ ವಯಸ್ಸಿನವರ ಒಟ್ಟು ಪ್ರಮಾಣ ಶೇ 32.28ಕ್ಕೆ ಇಳಿಯಿತು. ಇದಕ್ಕೆಲ್ಲ ಶಾಲೆಯನ್ನೇ ಹೊಣೆ ಮಾಡಲಾಗದು. 18 ಮತ್ತು 19ರ ನಡುವಿನ ಅಂತರಕ್ಕೆ ಮುಖ್ಯ ಕಾರಣ ಬಹಳ ಲೌಕಿಕವಾದದ್ದು: 18ರ ಹುಡುಗಿ ಇನ್ನೂ ಮನೆಯಲ್ಲಿ, ಶಾಲೆಯಲ್ಲಿ ಇರುತ್ತಾಳೆ, 19ಕ್ಕೆ ಕಾಲೇಜಿಗೋ ಕೆಲಸಕ್ಕೋ ಬೇರೆ ಊರಿಗೆ ಹೋಗಿರುತ್ತಾಳೆ, ಯಾವ ಊರಿನಲ್ಲಿ ಮತ ಹಾಕಬೇಕೆಂದು ನಿರ್ಧರಿಸುವ ನಿವಾಸ ನೋಂದಣಿ ಮಾತ್ರ ತವರೂರಿನಲ್ಲೇ ಉಳಿದಿರುತ್ತದೆ. 16ರ ವಯಸ್ಸಿಗೇ ಮತದಾನದ ಹಕ್ಕು ಕೊಟ್ಟ ಆಸ್ಟ್ರಿಯದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. 2010ರ ವಿಯೆನ್ನಾ ಮತ್ತು 2012ರ ಕ್ರೆಮ್ಸ್ ಚುನಾವಣೆಗಳ ಅಧ್ಯಯನದಲ್ಲಿ 16–17ರವರು 18–20ರವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಮತ ಹಾಕಿದ್ದು ಕಂಡುಬಂದಿತು. ಮೊದಲ ಒಂದೆರಡು ಚುನಾವಣೆಗಳಲ್ಲಿ ಮತ ಹಾಕಿದವರಿಗೆ ಅದು ರೂಢಿಯಾಗುತ್ತದೆ, ತಪ್ಪಿಸಿಕೊಂಡವರಿಗೆ ತಪ್ಪಿಸಿಕೊಳ್ಳುವುದೇ ರೂಢಿಯಾಗುತ್ತದೆ ಎಂಬ ಚುನಾವಣಾ ಅಧ್ಯಯನಕಾರರ ಮಾತು ನಿಜವಾದರೆ, ಮೊದಲ ಮತ ಮನೆ ಮತ್ತು ಶಾಲೆಯ ಆಸರೆ ಇರುವಾಗಲೇ ಬೀಳುವುದು ಬಹಳ ಮುಖ್ಯ.

ಈ ಎಲ್ಲ ಅನುಭವಗಳನ್ನು ಭಾರತಕ್ಕೆ ತರುವಾಗ ಒಂದು ಎಚ್ಚರ ಬೇಕು. ಅಮೆರಿಕ, ಯುರೋಪುಗಳಲ್ಲಿ ಹೆಚ್ಚು ಓದಿದವರು, ಹೆಚ್ಚು ಗಳಿಸುವವರು ಹೆಚ್ಚಾಗಿ ಮತ ಹಾಕುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಬಡವರು, ದಲಿತರು, ಹಳ್ಳಿಯವರು ಉಳ್ಳವರಷ್ಟೇ, ಎಷ್ಟೋ ಸಲ ಅವರಿಗಿಂತ ಹೆಚ್ಚು ಮತ ಹಾಕುತ್ತಾರೆ ಎಂಬುದನ್ನು 1990ರ ದಶಕದಿಂದ ಲೋಕನೀತಿ ಎಂಬ ಚುನಾವಣಾ ಸಂಶೋಧನಾ ಬಳಗದ ಸಮೀಕ್ಷೆಗಳೂ ರಾಜಕೀಯ ವಿಶ್ಲೇಷಕ ಯೋಗೇಂದ್ರ ಯಾದವ್ ಅವರ ಬರಹಗಳೂ ತೋರಿಸಿವೆ. 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ ಮತದಾನ ಶೇ 70 ದಾಟಿತು, ಮಂಡ್ಯದಲ್ಲಿ ಶೇ 81 ದಾಟಿತು. ಬೆಂಗಳೂರು ನಗರದ ಮೂರು ಕ್ಷೇತ್ರಗಳು ಶೇ 53–54ರ ಆಸುಪಾಸಿನಲ್ಲೇ ನಿಂತವು. ಪೌರನೀತಿಯಲ್ಲಿ ಒಳ್ಳೆಯ ಅಂಕ ಪಡೆದವರು ಎಲ್ಲಿ ಹೆಚ್ಚಿದ್ದಾರೆ ಎಂದು ಕೇಳಿದರೆ ಉತ್ತರ ಮಂಡ್ಯವಲ್ಲ.

ಬೆಂಗಳೂರಿನವರ ಉದಾಸೀನವನ್ನು ಬೈಯುವುದು ಪ್ರತಿ ಚುನಾವಣೆಯ ಮರುದಿನದ ಸಂಪ್ರದಾಯವಾಗಿಬಿಟ್ಟಿದೆ. ಬೈಗುಳದಲ್ಲಿ ಸ್ವಲ್ಪ ನ್ಯಾಯವಿದೆ, ಎಲ್ಲವೂ ಅಲ್ಲ. ಬಾಡಿಗೆ ಮನೆ ಬದಲಿಸುತ್ತಲೇ ಇರುವ ಊರಿನಲ್ಲಿ ಮತದಾರರ ಪಟ್ಟಿ ಜನರ ಹಿಂದೆ ಓಡಲಾರದು. ಊರು ಬಿಟ್ಟವರ, ತೀರಿಕೊಂಡವರ ಹೆಸರುಗಳು ಪಟ್ಟಿಯಲ್ಲಿ ಉಳಿದುಕೊಂಡಷ್ಟೂ ಶೇಕಡಾವಾರು ಲೆಕ್ಕ ಕೆಳಗೆ ಜಾರುತ್ತದೆ. ಇದು ಜಪಾನಿನ 19ರ ಹುಡುಗಿಯ ಸಮಸ್ಯೆಯೇ. ಅದನ್ನು ಕಳೆದ ಮೇಲೂ ಉಳಿಯುವ ಭಾಗಕ್ಕೆ ಕಾರಣ ಅಜ್ಞಾನವಲ್ಲ. ಟ್ಯಾಂಕರ್ ನೀರು, ಖಾಸಗಿ ಶಾಲೆ, ಖಾಸಗಿ ಆಸ್ಪತ್ರೆಗಳ ನಡುವೆ ಬದುಕುವ ಕುಟುಂಬಕ್ಕೆ ಸರ್ಕಾರ ದೂರದ ಸಂಗತಿ. ಪಡಿತರ ಚೀಟಿ, ವೃದ್ಧಾಪ್ಯ ವೇತನ, ಮನೆ ಮಂಜೂರಾತಿಗಾಗಿ ಪಂಚಾಯಿತಿಯ ಬಾಗಿಲು ತಟ್ಟುವವರಿಗೆ ಅದು ಕೈಗೆಟುಕುವಷ್ಟು ಹತ್ತಿರ. ಮತ ಹಾಕಿದರೆ ಏನೋ ಆಗುತ್ತದೆ ಎಂಬ ನಂಬಿಕೆ ಅವರಿಗೆ ಬಂದಿರುವುದು ಬದುಕಿನಿಂದ.

ಇಂಥ ದೇಶದಲ್ಲಿ ಶಾಲೆ ಮಾಡಬೇಕಾದ ಕೆಲಸ ಮತದಾನದ ಪ್ರಮಾಣ ಹೆಚ್ಚಿಸುವುದಷ್ಟೇ ಅಲ್ಲ, ಮತವನ್ನು ಯಾವ ವಿವೇಚನೆಯಿಂದ ಹಾಕಬೇಕು ಎಂಬುದನ್ನು ಅಭ್ಯಾಸ ಮಾಡಿಸುವುದು. ಆದರೆ ನಮ್ಮ ರಾಜ್ಯಶಾಸ್ತ್ರದ ಪಾಠ ಇಂದಿಗೂ ಹೆಚ್ಚಾಗಿ ಅರ್ಹತೆಗಳ ಪಟ್ಟಿ: ಲೋಕಸಭೆಗೆ 25 ವರ್ಷ, ರಾಜ್ಯಸಭೆಗೆ 30, ರಾಷ್ಟ್ರಪತಿಗೆ 35. ಜನಾಂದೋಲನಗಳು, ಪ್ರಜಾಪ್ರಭುತ್ವದ ಸವಾಲುಗಳು ಎಂಬ ಅಧ್ಯಾಯಗಳಿದ್ದ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಿಂದ, ಕೋವಿಡ್ ನಂತರ ಹೊರೆ ಇಳಿಸುವ ಹೆಸರಿನಲ್ಲಿ ತೆಗೆದುಹಾಕಿದ್ದು ಅವನ್ನೇ. ಹೊರೆ ಇಳಿಸುವುದೇ ಉದ್ದೇಶವಾಗಿದ್ದರೆ ವಯಸ್ಸಿನ ಪಟ್ಟಿಗಳಿಂದ ಶುರು ಮಾಡಬಹುದಿತ್ತು.

ಚುನಾವಣಾ ಆಯೋಗ 2018ರಿಂದ ಶಾಲಾ ಕಾಲೇಜುಗಳಲ್ಲಿ ಚುನಾವಣಾ ಸಾಕ್ಷರತಾ ಸಂಘಗಳನ್ನು ಕಟ್ಟಿಸಿದೆ. ಜನವರಿ 25ರ ಮತದಾರರ ದಿನ ಎಲ್ಲ ಕಡೆ ಪ್ರತಿಜ್ಞೆ, ಜಾಥಾ, ರಂಗೋಲಿ, ಪ್ರಬಂಧ ಸ್ಪರ್ಧೆಗಳು ನಡೆಯುತ್ತವೆ. ಧರ್ಮ, ಜಾತಿ, ಭಾಷೆ, ಆಮಿಷಗಳಿಗೆ ಮಣಿಯದೆ ಮತ ಹಾಕುತ್ತೇನೆ ಎಂಬುದು ಆ ಪ್ರತಿಜ್ಞೆಯ ತಿರುಳು. ಯಾವುದನ್ನು ನೋಡಿ ಮತ ಹಾಕಬಾರದು ಎಂದು ಅದು ಹೇಳುತ್ತದೆ. ಯಾವುದನ್ನು ನೋಡಿ ಹಾಕಬೇಕು ಎಂದು ಹೇಳಿಕೊಡುವವರು ಯಾರೂ ಇಲ್ಲ. ಸುಪ್ರೀಂ ಕೋರ್ಟಿನ ತೀರ್ಪಿನಿಂದಾಗಿ ಎರಡು ದಶಕಗಳಿಂದ ಪ್ರತಿ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ, ಕ್ರಿಮಿನಲ್ ಮೊಕದ್ದಮೆಗಳ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಲೇಬೇಕು, ಅದು ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ತಮ್ಮದೇ ಕ್ಷೇತ್ರದ ಇಬ್ಬರು ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ಒಂದು ಪಾಠ ಯಾವ ಪಕ್ಷದ ಪರವೂ ಅಲ್ಲ, ವಿರುದ್ಧವೂ ಅಲ್ಲ.

ನಮ್ಮ ಶಾಲೆಗಳಲ್ಲಿ ಚುನಾವಣೆಗಳೇ ಇಲ್ಲವೆಂದಲ್ಲ. ಜೂನ್, ಜುಲೈನಲ್ಲಿ ಶಾಲಾ ಸಂಸತ್ತು ರಚನೆಯಾಗುತ್ತದೆ. ನಾಮಪತ್ರ, ಪ್ರಚಾರ, ಮೊಬೈಲಿನಲ್ಲಿ ಮಾಡಿದ ಮತಯಂತ್ರ, ಬೆರಳಿಗೆ ಶಾಯಿ ಎಲ್ಲವೂ ಇರುತ್ತವೆ, ಮಕ್ಕಳು ತುಂಬ ಉತ್ಸಾಹದಿಂದ ಭಾಗವಹಿಸುತ್ತಾರೆ. ಚುನಾವಣೆ ಮುಗಿದ ಮೇಲೆ ಆ ಸಂಸತ್ತಿಗೆ ತೀರ್ಮಾನಿಸಲು ಏನಿರುತ್ತದೆ ಎಂಬಲ್ಲಿ ಅದು ಸೊರಗುತ್ತದೆ. ಆರೋಗ್ಯ ಮಂತ್ರಿಗೆ ಉಗುರು ನೋಡುವ ಕೆಲಸ, ಪ್ರಧಾನ ಮಂತ್ರಿಗೆ ಸಾಲು ನಿಲ್ಲಿಸುವ ಕೆಲಸ. ಇದಕ್ಕಿಂತ ಬಹಳ ದೂರ ಹೋಗಿರುವುದು ಮಕ್ಕಳ ಗ್ರಾಮಸಭೆ. ಕುಂದಾಪುರ ಸೀಮೆಯ ಹಳ್ಳಿಗಳಲ್ಲಿ 1990ರ ದಶಕದಲ್ಲಿ ನಡೆದ ಮಕ್ಕಳ ಪಂಚಾಯಿತಿಗಳ ಅನುಭವ ಅದರ ಹಿಂದಿದೆ. ಅಲ್ಲಿ ಮಕ್ಕಳು ಅಧ್ಯಕ್ಷರ, ಪಿಡಿಒಗಳ ಎದುರು ನಿಂತು ಶೌಚಾಲಯದ ನೀರು, ಶಾಲೆಯ ಕಾಂಪೌಂಡು, ಬಸ್ಸಿನ ಸಮಯ, ಬಾಲ್ಯವಿವಾಹದ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಹಿಂದಿನ ವರ್ಷ ಕೊಟ್ಟ ಭರವಸೆ ಏನಾಯಿತು ಎಂದು ಕೇಳುವ ಹುಡುಗಿ ಹಾರ್ಲೆಮ್‌ನ ಮಕ್ಕಳು ಮಾಡುವ ಕೆಲಸವನ್ನೇ ಮಾಡುತ್ತಿರುತ್ತಾಳೆ. ಸಭೆ ಕಾಟಾಚಾರಕ್ಕೆ ನಡೆದು ಉತ್ತರ ಬರದೇ ಹೋದರೆ ಕೇಳಿ ಪ್ರಯೋಜನವಿಲ್ಲ ಎಂಬ ತದ್ವಿರುದ್ಧ ಪಾಠವನ್ನೂ ಆಕೆ ಅಷ್ಟೇ ಚೆನ್ನಾಗಿ ಕಲಿಯುತ್ತಾಳೆ ಎಂಬುದನ್ನು ಪಂಚಾಯಿತಿಗಳು ಮರೆಯಬಾರದು. ಕಾಲೇಜಿಗೆ ಬಂದರೆ ಈ ದಾರಿಯೂ ಕಡಿದುಹೋಗುತ್ತದೆ. ಹಿಂಸೆಯ ಕಾರಣಕ್ಕೆ ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಗಳು 1980ರ ದಶಕದ ಕೊನೆಯಲ್ಲೇ ನಿಂತವು. ಮತದಾನದ ಹಕ್ಕು 18ಕ್ಕೆ ಇಳಿದು 1989ರಲ್ಲಿ ಜಾರಿಗೆ ಬಂದದ್ದೂ ಅದೇ ಹೊತ್ತಿನಲ್ಲಿ.

ಹೆಚ್ಚು ಖರ್ಚಿಲ್ಲದೆ ನಾಳೆಯೇ ಮಾಡಬಹುದಾದ ಎರಡು ಕೆಲಸಗಳಿವೆ. 2022ರಿಂದ ಮತದಾರರ ಪಟ್ಟಿಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ, 17 ತುಂಬಿದವರು ಮುಂಗಡವಾಗಿ ನಮೂನೆ 6ರಲ್ಲಿ ಅರ್ಜಿ ಹಾಕಬಹುದು. ದ್ವಿತೀಯ ಪಿಯುಸಿಯ ಬಹುತೇಕ ವಿದ್ಯಾರ್ಥಿಗಳು ಈ ವಯಸ್ಸಿನವರು, ಇನ್ನೂ ಹೆಚ್ಚಿನವರು ಮನೆಯಲ್ಲೇ ಇರುವವರು. ಊರು ಬಿಡುವ ಮುನ್ನ, ಪ್ರವೇಶಪತ್ರ ತುಂಬಿಸುವಷ್ಟೇ ಸಹಜವಾಗಿ ಕಾಲೇಜಿನಲ್ಲೇ ಈ ಅರ್ಜಿಯನ್ನೂ ತುಂಬಿಸಬಹುದು, ಮುಂದೆ ವಿಳಾಸ ಬದಲಾದಾಗ ಏನು ಮಾಡಬೇಕೆಂದು ಅಲ್ಲೇ ಹೇಳಿಕೊಡಬಹುದು.

ಎರಡನೆಯದು ಶಿಕ್ಷಕರಿಗೆ ಸಂಬಂಧಿಸಿದ್ದು. ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರಷ್ಟು ಚುನಾವಣೆಯನ್ನು ಒಳಗಿನಿಂದ ಬಲ್ಲವರು ಬೇರೆ ಯಾರೂ ಇಲ್ಲ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿ ಮನೆಮನೆಗೆ ಅಲೆದು ಪಟ್ಟಿ ಪರಿಷ್ಕರಿಸುವವರು ಅವರು. ಮತಗಟ್ಟೆಯಲ್ಲಿ ಏಜೆಂಟರ ಮುಂದೆ ಕನಿಷ್ಠ 50 ಮತಗಳ ಅಣಕು ಮತದಾನ ನಡೆಸಿ ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿಗಳನ್ನು ತಾಳೆ ನೋಡುವವರು, ಚಲಾವಣೆಯಾದ ಮತಗಳ ಲೆಕ್ಕವನ್ನು 17-ಸಿ ನಮೂನೆಯಲ್ಲಿ ಬರೆದು ಸಹಿ ಮಾಡುವವರು ಕೂಡ ಅವರೇ. ಮತಯಂತ್ರದ ಬಗ್ಗೆ ಮೊಬೈಲಿನಲ್ಲಿ ಹರಿದಾಡುವ ಅನುಮಾನಗಳನ್ನು ಮಕ್ಕಳು ದಿನವೂ ಕೇಳುತ್ತಿರುವಾಗ, ಅದನ್ನು ಕೈಯಾರೆ ನಡೆಸಿದವರು ತರಗತಿಯಲ್ಲೇ ಇದ್ದೂ ಆ ಬಗ್ಗೆ ಮಾತನಾಡಲು ಅಂಜುತ್ತಾರೆ. ಸರ್ಕಾರಿ ನೌಕರರ ನಡತೆ ನಿಯಮಗಳು ಪಕ್ಷ ರಾಜಕೀಯವನ್ನು ನಿಷೇಧಿಸುತ್ತವೆ, ಅದು ಸರಿಯೇ. ಆದರೆ ವಿವಾದದ ವಿಷಯವೊಂದನ್ನು ಎರಡೂ ಕಡೆಯಿಂದ ಮಂಡಿಸಿ ಚರ್ಚೆಗೆ ಬಿಡುವುದು ಆ ನಿಷೇಧದೊಳಗೆ ಬರುವುದಿಲ್ಲ ಎಂದು ಇಲಾಖೆ ಒಂದು ಪುಟದಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟರೆ, ಹ್ಯಾಂಬರ್ಗ್‌ನ ಶಿಕ್ಷಕರಿಗೆ 2018ರಲ್ಲಿ ಒದಗಿಬಂದಂಥ ಆಸರೆ ನಮ್ಮ ಶಿಕ್ಷಕರಿಗೂ ಸಿಗುತ್ತದೆ. ಯಾರೋ ಪೋಷಕರು ಅಥವಾ ಸ್ಥಳೀಯ ಮುಖಂಡರು ದೂರು ಹಿಡಿದು ಬಂದಾಗ ಮುಖ್ಯೋಪಾಧ್ಯಾಯರು ಅವರ ಮುಂದಿಡಬಹುದಾದ ಕಾಗದ ಅದಾಗಬೇಕು.